ಬಾಯಾರಿಕೆಗೆ ಯಾವುದು, ಹಸಿವಿಗೆ ಯಾವುದು? ಹದಿಹರೆಯದವರು ಕುಡಿಯುವುದರ ಒಂದು ಹೋಲಿಕೆ

ಕೋಲಾ ಕೆಟ್ಟದ್ದು, ಎಳನೀರು ಒಳ್ಳೆಯದು. ಇಷ್ಟು ಎಲ್ಲರಿಗೂ ಗೊತ್ತು, ಮಕ್ಕಳಿಗೂ ಗೊತ್ತು. 16ರ ಹುಡುಗನ ಮುಂದೆ ಮತ್ತೆ ಅದನ್ನೇ ಹೇಳಿದರೆ ಇಯರ್‌ಫೋನ್ ಸಿಕ್ಕಿಸಿಕೊಂಡು ಎದ್ದು ಹೋಗುತ್ತಾನೆ. ಪಾಪ, ಅವನದೇನು ತಪ್ಪು? ಬೆಂಗಳೂರಿನಲ್ಲಿ ಎಳನೀರು 50 ರೂಪಾಯಿ ದಾಟಿ ಎಷ್ಟೋ ದಿನ ಆಯಿತು. ಕೋಲಾ 10 ರೂಪಾಯಿಗೆ ಸಿಗುತ್ತದೆ. ಅವನ ಜೇಬಿನಲ್ಲಿರುವುದು 20.

ಆದ್ದರಿಂದ ಹೋಲಿಕೆಯನ್ನು ಸ್ವಲ್ಪ ಬೇರೆ ಥರ ಮಾಡೋಣ. ಈ ವಯಸ್ಸಿನವರು ಬಾಟಲಿ ಕೊಳ್ಳುವುದು ಬಹಳ ಸಲ ಬಾಯಾರಿಕೆಗೆ ಅಲ್ಲವೇ ಅಲ್ಲ. ಸಂಜೆ ಹೊಟ್ಟೆ ಹಸಿದಿರುತ್ತದೆ. ರಾತ್ರಿ ನಿದ್ದೆ ತಡೆಯಬೇಕಿರುತ್ತದೆ. ಆಟ ಆಡಿ ಸುಸ್ತಾಗಿರುತ್ತದೆ. ಇಲ್ಲವೇ ಗೆಳೆಯರ ಜೊತೆ ಅಂಗಡಿ ಮುಂದೆ ಹತ್ತು ನಿಮಿಷ ನಿಲ್ಲೋಕೆ ಒಂದು ನೆಪ ಬೇಕಿರುತ್ತದೆ. ಹಸಿವಿಗೆ ಮಾವಿನ ಡ್ರಿಂಕ್ ಕುಡಿಯುವ ಹುಡುಗನಿಗೆ "ನೀರು ಕುಡಿಯೋ" ಅಂದರೆ ಏನು ಪ್ರಯೋಜನ? ಆ ಹೊತ್ತಿಗೆ, ಆ ದುಡ್ಡಿಗೆ, ಆ ಜಾಗದಲ್ಲಿ ಸಿಗುವುದರಲ್ಲಿ ಯಾವುದು ವಾಸಿ ಅನ್ನುವುದನ್ನು ನೋಡಬೇಕು.

ಮೊದಲು ನೀರು

ದಿನಕ್ಕೆ ಎಷ್ಟು ನೀರು ಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ಸುಮಾರು 2 ಲೀಟರ್, ಅಂದರೆ 8 ಲೋಟ ಅನ್ನುತ್ತದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ ಲೆಕ್ಕದಲ್ಲಿ 14 ದಾಟಿದ ಹುಡುಗರಿಗೆ 2.5 ಲೀಟರ್, ಹುಡುಗಿಯರಿಗೆ 2 ಲೀಟರ್. ಆದರೆ ಅದರಲ್ಲಿ ಊಟದಿಂದ ಬರುವ ನೀರೂ ಸೇರಿದೆ. ನಮ್ಮ ಅನ್ನ, ಮುದ್ದೆ, ಸಾರು, ಮಜ್ಜಿಗೆ ಎಲ್ಲದರಲ್ಲೂ ನೀರು ಚೆನ್ನಾಗಿಯೇ ಇರುತ್ತದೆ. ಹಾಗಾಗಿ ಲೋಟ ಎಣಿಸುತ್ತಾ ಕೂರುವ ಅಗತ್ಯ ಇಲ್ಲ. ಮೂತ್ರ ತೆಳು ಹಳದಿ ಇದ್ದರೆ ಸಾಕಷ್ಟು ಕುಡಿದಿದ್ದೀರಿ, ಗಾಢ ಹಳದಿ ಆಗಿದ್ದರೆ ಸಾಲದು. ಬಿ ಕಾಂಪ್ಲೆಕ್ಸ್ ಮಾತ್ರೆ ತಗೊಂಡ ದಿನ ಮಾತ್ರ ಈ ಪರೀಕ್ಷೆ ನಂಬಬೇಡಿ, ಅದು ಹೇಗಿದ್ದರೂ ಹಳದಿ ಮಾಡುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿಗೆ 2 ಲೀಟರ್ ಎಲ್ಲಿಗೂ ಸಾಲುವುದಿಲ್ಲ ಅನ್ನುವುದನ್ನು ಅಲ್ಲಿಯವರಿಗೆ ಹೇಳಬೇಕಾಗಿಲ್ಲ.

ಎಷ್ಟು ಬೇಕು ಅನ್ನುವುದಕ್ಕಿಂತ ಯಾಕೆ ಕುಡಿಯುತ್ತಿಲ್ಲ ಅನ್ನುವುದು ದೊಡ್ಡ ವಿಷಯ. ನನ್ನ ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಬೆಳಿಗ್ಗೆ ತುಂಬಿಸಿ ಕಳಿಸಿದ ಬಾಟಲಿ ಸಂಜೆ ಕತ್ತಿನವರೆಗೂ ತುಂಬಿಕೊಂಡೇ ವಾಪಸು ಬರುತ್ತಿತ್ತು. ಮರೆವು ಇರಬೇಕು ಅಂದುಕೊಂಡೆವು, ಬಣ್ಣದ ಬಾಟಲಿ ಕೊಡಿಸಿದೆವು, ಬೈದೆವು. ಕೊನೆಗೆ ಗೊತ್ತಾಗಿದ್ದು ಇಷ್ಟು: ಹುಡುಗಿಯರ ಟಾಯ್ಲೆಟ್ಟಿನ ಬಾಗಿಲಿಗೆ ಚಿಲಕ ಇರಲಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಹತ್ತು ನಿಮಿಷದ ಬ್ರೇಕಿನಲ್ಲಿ ಈ ಜೋಡಿ ಕೆಲಸ ಎಷ್ಟು ಜನರಿಗೆ ಆಗುತ್ತದೆ? ಅದಕ್ಕಿಂತ ನೀರು ಕುಡಿಯದೆ ಇರುವುದೇ ಸುಲಭ. ಹೀಗೆ ನೀರು ಬಿಟ್ಟು, ಮೂತ್ರ ತಡೆದುಕೊಂಡು ಕೂತರೆ ಉರಿಮೂತ್ರ, ತಲೆನೋವು, ಮಲಬದ್ಧತೆ ಒಂದರ ಹಿಂದೆ ಒಂದು ಬರುತ್ತವೆ. ಆ ಚಿಲಕ ಹಾಕಿಸೋಕೆ ನಾಲ್ಕು ಮನೆಯವರು ಸೇರಿ ಹೋಗಿ ಕೇಳಬೇಕಾಯಿತು. ಅದಕ್ಕೆ ಆದ ಖರ್ಚು ಒಂದು ಒಳ್ಳೆಯ ನೀರಿನ ಬಾಟಲಿಗಿಂತ ಕಡಿಮೆ.

ಹಾಗಾಗಿ ಮಗು ನೀರು ಕುಡಿಯುತ್ತಿಲ್ಲ ಅಂದರೆ ಮೊದಲು ಟಾಯ್ಲೆಟ್ ವಿಚಾರಿಸಿ, ಆಮೇಲೆ ಬಾಟಲಿ. 2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರು ಕುಡಿಯೋಕೆ ಅಂತಲೇ ಬೆಲ್ ಹೊಡೆಯೋಕೆ ಶುರು ಮಾಡಿದರು, ಅದನ್ನು ನೋಡಿ ಕರ್ನಾಟಕದಲ್ಲೂ "ವಾಟರ್ ಬೆಲ್" ಮಾತು ಬಂತು. ಒಳ್ಳೆಯ ಪದ್ಧತಿಯೇ. ಆದರೆ ಬೆಲ್ ಹೊಡೆದ ಮೇಲೆ ಹೋಗೋಕೆ ಜಾಗವೂ ಇರಬೇಕಲ್ವಾ?

ಇನ್ನು ಬಾಟಲಿ. ಸ್ಟೀಲಿನದು ಬಾಳಿಕೆ ಬರುತ್ತದೆ, ವಾಸನೆ ಹಿಡಿಯುವುದಿಲ್ಲ, ಆದರೆ ಪುಸ್ತಕ ತುಂಬಿದ ಬ್ಯಾಗಿಗೆ ಅದೂ ಒಂದು ಭಾರ. ಶಾಲೆಯಲ್ಲಿ ತುಂಬಿಸಿಕೊಳ್ಳೋಕೆ ಒಳ್ಳೆಯ ನೀರಿದ್ದರೆ ಅರ್ಧ ಲೀಟರಿನ ಸ್ಟೀಲ್ ಬಾಟಲಿ ಸಾಕು. ಇಲ್ಲದಿದ್ದರೆ 1 ಲೀಟರಿನದೇ ಬೇಕು. ಒಳಗೆ ಎರಡು ಪದರ ಇರುವ ಬಾಟಲಿಯಲ್ಲಿ ಮಧ್ಯಾಹ್ನದವರೆಗೂ ನೀರು ತಣ್ಣಗಿರುತ್ತದೆ. ಈ ವಯಸ್ಸಿನವರಿಗೆ ತಣ್ಣಗಿರುವುದೇ ಮುಖ್ಯ, ಉಗುರುಬೆಚ್ಚಗಾದ ನೀರನ್ನು ಮೂಸಿಯೂ ನೋಡುವುದಿಲ್ಲ. ತಣ್ಣೀರು ಕುಡಿದರೆ ನೆಗಡಿ ಆಗುತ್ತದೆ ಅಂತ ಅಜ್ಜಿ ಹೇಳುತ್ತಾರೆ, ಆದರೆ ನೆಗಡಿ ಬರುವುದು ವೈರಸ್‌ನಿಂದ. ಹಳೆಯ ಕೋಲಾ ಬಾಟಲಿಗೆ ತಿಂಗಳುಗಟ್ಟಲೆ ನೀರು ತುಂಬಿಸುವುದು ಬೇಡ. ಬಾಯಿ ಸಣ್ಣದು, ಒಳಗೆ ಕೈಯಾಗಲಿ ಬ್ರಷ್ ಆಗಲಿ ಹೋಗುವುದಿಲ್ಲ, ಪಾಚಿ ಕಟ್ಟುತ್ತದೆ. ತಾಮ್ರದ ಬಾಟಲಿ ಇಟ್ಟುಕೊಂಡಿದ್ದರೆ ಅದರಲ್ಲಿ ನೀರು ಮಾತ್ರ ತುಂಬಿಸಿ. ಮಜ್ಜಿಗೆ ಅಥವಾ ನಿಂಬೆ ಪಾನಕ ಹಾಕಲೇಬೇಡಿ. ಹುಳಿಗೆ ತಾಮ್ರ ಬಿಡುತ್ತದೆ.

ಯಾವ ನೀರು ಅನ್ನುವುದು ಊರಿನ ಮೇಲೆ ಹೋಗುತ್ತದೆ. ಬೆಂಗಳೂರು, ಮೈಸೂರಿನಲ್ಲಿ ಕಾವೇರಿ ನೀರು ಬರುವ ಮನೆಗೆ ಕುದಿಸಿ ಆರಿಸುವುದು ಅಥವಾ ಸಾಮಾನ್ಯ ಯುವಿ ಫಿಲ್ಟರ್ ಸಾಕು. ಎಲ್ಲರ ಮನೆಯಲ್ಲೂ ಇದೆ ಅಂತ ಆರ್‌ಒ ಹಾಕಿಸಿ, ಅರ್ಧಕ್ಕಿಂತ ಜಾಸ್ತಿ ನೀರನ್ನು ಮೋರಿಗೆ ಬಿಡುವುದರಲ್ಲಿ ಅರ್ಥ ಇಲ್ಲ. ಆದರೆ ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಆಳದ ಬೋರ್‌ವೆಲ್ ನೀರು ಕುಡಿಯುವವರ ಕಥೆ ಬೇರೆ. ಅಲ್ಲಿ ಫ್ಲೋರೈಡ್ ಕಾಟ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರ ತನಕ ಅಂತ ಭಾರತೀಯ ಮಾನಕ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿ ಇನ್ನೂ ಗಟ್ಟಿಯಾಗುತ್ತದೆ ಅಷ್ಟೆ. ಅಂಥ ಊರಿನಲ್ಲಿ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕವೇ ಸರಿ, ಮಕ್ಕಳ ಬಾಟಲಿಗೂ ಅದೇ ನೀರು ಹೋಗಬೇಕು.

ಸಂಜೆ ನಾಲ್ಕೂವರೆಯ ಹಸಿವು

ದಿನದಲ್ಲಿ ಜಾಸ್ತಿ ಸಕ್ಕರೆ ಒಳಗೆ ಹೋಗುವ ಹೊತ್ತು ಇದು. ಒಂದು ಗಂಟೆಗೆ ಉಂಡಿದ್ದು ಕರಗಿದೆ, ಟ್ಯೂಷನ್ ಐದಕ್ಕೆ, ಮನೆಗೆ ಹೋಗಿ ಬರೋಕೆ ಸಮಯ ಇಲ್ಲ, ಕೈಯಲ್ಲಿ 20 ರೂಪಾಯಿ. ಅಂಗಡಿಯ ಫ್ರಿಜ್‌ನಲ್ಲಿ ಏನಿದೆ?

ಕೋಲಾದಲ್ಲಿ 100 ಮಿಲಿಗೆ ಸುಮಾರು 10ರಿಂದ 11 ಗ್ರಾಂ ಸಕ್ಕರೆ. 250 ಮಿಲಿ ಕುಡಿದರೆ 26 ಗ್ರಾಂ, ಅಂದರೆ ಟೀ ಚಮಚದಲ್ಲಿ ಐದಾರು ಚಮಚ. ಹಾಲಿಗೆ ಮೂರು ಚಮಚ ಸಕ್ಕರೆ ಹಾಕಿದರೆ ಗದರುವ ನಾವು ಇದನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ದಿನದ ಒಟ್ಟು ಶಕ್ತಿಯಲ್ಲಿ ಸಕ್ಕರೆಯ ಪಾಲು ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕೆ ಇಳಿದರೆ ಇನ್ನೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. 2,000 ಕ್ಯಾಲೊರಿಯ ಊಟಕ್ಕೆ ಆ ಶೇ. 5 ಅಂದರೆ 25 ಗ್ರಾಂ. ಒಂದು ಬಾಟಲಿಗೇ ಕೋಟಾ ಮುಗಿಯಿತು.

"ಕೋಲಾ ಬೇಡ, ಮಾವಿನ ಜ್ಯೂಸ್ ಕುಡಿ" ಅನ್ನುವ ಅಪ್ಪ ಅಮ್ಮ ಇಲ್ಲಿ ಒಂದು ನಿಮಿಷ ನಿಲ್ಲಿ. ಅದು ಜ್ಯೂಸ್ ಅಲ್ಲ, ಡ್ರಿಂಕ್. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದ ಪ್ರಕಾರ ಹಣ್ಣಿನ ಡ್ರಿಂಕ್ ಅನ್ನಿಸಿಕೊಳ್ಳೋಕೆ ಶೇ. 10ರಷ್ಟು ಹಣ್ಣು ಇದ್ದರೆ ಸಾಕು, ನಿಂಬೆಯದಾದರೆ ಶೇ. 5. ಉಳಿದದ್ದು ನೀರು, ಸಕ್ಕರೆ, ಬಣ್ಣ, ವಾಸನೆ. ಸಕ್ಕರೆ ಕೋಲಾಗೆ ಸಮ ಇರುತ್ತದೆ, ಕೆಲವದರಲ್ಲಿ ಜಾಸ್ತಿಯೇ. ಆದರೂ 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಬದಲಾದಾಗ ಸಕ್ಕರೆ ಸೋಡಾಗಳಿಗೆ ಶೇ. 40 ತೆರಿಗೆ, ಗ್ಯಾಸ್ ಇಲ್ಲದ ಹಣ್ಣಿನ ಡ್ರಿಂಕ್‌ಗೆ ಶೇ. 5. ತೆರಿಗೆಯ ಕಣ್ಣಿಗೆ ಅದು ಹಣ್ಣು, ಹಲ್ಲಿನ ಕಣ್ಣಿಗೆ ಅದು ಸಕ್ಕರೆ ನೀರು. ಇವೆರಡರಲ್ಲಿ ಒಂದನ್ನು ಆರಿಸಿ ಅಂದರೆ ನಾನು ಯಾವುದನ್ನೂ ಆರಿಸುವುದಿಲ್ಲ, ಯಾಕೆಂದರೆ ವ್ಯತ್ಯಾಸವೇ ಇಲ್ಲ. "ಶೇ. 100 ಜ್ಯೂಸ್" ಅಂತ ದೊಡ್ಡದಾಗಿ ಬರೆದುಕೊಂಡಿದ್ದ ಡಬ್ಬಗಳಿಗೂ 2024ರ ಜೂನ್‌ನಲ್ಲಿ ಪ್ರಾಧಿಕಾರ ಆ ಮಾತು ತೆಗೆಯಲು ಹೇಳಿತು, ಗಟ್ಟಿ ರಸಕ್ಕೆ ನೀರು ಬೆರೆಸಿದ್ದನ್ನು ಹಾಗೆ ಕರೆಯಬಾರದು ಅಂತ.

ಜೀರಾ ಸೋಡಾ ಜೀರ್ಣಕ್ಕೆ ಒಳ್ಳೆಯದು ಅನ್ನುವ ನಂಬಿಕೆ ಈಗ ಎಲ್ಲ ಕಡೆ ಇದೆ. ಜೀರಿಗೆ ಒಳ್ಳೆಯದೇ. ಬಾಟಲಿ ತಿರುಗಿಸಿ "ಆಡೆಡ್ ಶುಗರ್" ಅನ್ನುವ ಸಾಲು ಓದಿ, ಆಮೇಲೆ ನಿರ್ಧರಿಸಿ.

ಕಬ್ಬಿನ ಹಾಲು ಅಂದರೆ ನಮ್ಮ ಮಂಡ್ಯದ್ದಲ್ವಾ, ಸಹಜವಾದದ್ದಲ್ವಾ ಅನ್ನುತ್ತಾರೆ. ಸಹಜವೇ, ಆದರೆ 100 ಮಿಲಿಗೆ 13ರಿಂದ 15 ಗ್ರಾಂ ಸಕ್ಕರೆ ಅಂತ ಪೋಷಣಾ ಸಂಸ್ಥೆಯ ಮಾರ್ಗಸೂಚಿಯಲ್ಲೇ ಇದೆ. ಕೋಲಾಗಿಂತ ಸಿಹಿ. ನನಗೆ ಅದಕ್ಕಿಂತ ದೊಡ್ಡ ಹೆದರಿಕೆ ಐಸ್‌ನದು. ಗಾಣದ ಪಕ್ಕ ಗೋಣಿಚೀಲದಲ್ಲಿ ಸುತ್ತಿಟ್ಟ ಐಸ್ ಗಡ್ಡೆ ಯಾವ ನೀರಿನದು ಅಂತ ಅಂಗಡಿಯವನಿಗೂ ಗೊತ್ತಿರುವುದಿಲ್ಲ. ಟೈಫಾಯಿಡ್, ಕಾಮಾಲೆ ಬರುವ ದಾರಿ ಅದೇ. ಯಾವಾಗಲೋ ಒಮ್ಮೆ ಕುಡಿಯುವುದಾದರೆ "ಐಸ್ ಬೇಡ ಅಣ್ಣ" ಅಂತ ಹೇಳಿ, ಕಣ್ಣೆದುರೇ ಅರೆದದ್ದನ್ನು, ನಿಮ್ಮ ಬಾಟಲಿಯಲ್ಲೇ ಹಾಕಿಸಿಕೊಳ್ಳಿ. ಒಂದು ಲೋಟ ನಿಂಬೆ ಶುಂಠಿ ಹಾಕಿಸಿ ಇಬ್ಬರು ಹಂಚಿಕೊಂಡರೆ ಚೆನ್ನ.

ಇನ್ನು ಅದೇ ಫ್ರಿಜ್‌ನ ಕೆಳಗಿನ ತಟ್ಟೆ ನೋಡಿ. ನಂದಿನಿ ಮಸಾಲೆ ಮಜ್ಜಿಗೆ ಪ್ಯಾಕೆಟ್ ಇರುತ್ತದೆ, 200 ಮಿಲಿ, 10 ರೂಪಾಯಿಯ ಆಸುಪಾಸು. ಸಕ್ಕರೆ ಬೆರೆಸಿಲ್ಲ. ಉಪ್ಪು, ಹಸಿಮೆಣಸು, ಕೊತ್ತಂಬರಿಯ ರುಚಿ ಇದೆ. ತಣ್ಣಗೂ ಇದೆ. ಬೆಲೆಯಲ್ಲಿ 10 ರೂಪಾಯಿ ಕೋಲಾಗೆ ಎದುರು ನಿಲ್ಲುವುದು ಇದೊಂದೇ. ಒಂದು ಕೊರತೆ ಇದೆ, ಅದನ್ನು ಮುಚ್ಚಿಡಬಾರದು: ಮಜ್ಜಿಗೆ ಹೊಟ್ಟೆ ತುಂಬಿಸುವುದಿಲ್ಲ. ಹಾಗಾಗಿ ಉಳಿದ 10 ರೂಪಾಯಿಗೆ ಕಡಲೆಕಾಯಿ ಅಥವಾ ಒಂದು ಬಾಳೆಹಣ್ಣು. ಹಸಿವಿಗೆ ಹಣ್ಣು, ಬಾಯಾರಿಕೆಗೆ ಮಜ್ಜಿಗೆ. ಮಾವಿನ ಡ್ರಿಂಕ್ ಎರಡೂ ಮಾಡುತ್ತೇನೆ ಅಂತ ಹೇಳಿ ಎರಡನ್ನೂ ಮಾಡುವುದಿಲ್ಲ.

ಬಾದಾಮಿ ಹಾಲು, ಪಿಸ್ತಾ ಹಾಲಿನ ಬಾಟಲಿಯಲ್ಲೂ ಸಕ್ಕರೆ ಹಾಕಿರುತ್ತಾರೆ. ಆದರೂ ಕೋಲಾ ಜೊತೆ ಇಟ್ಟು ನೋಡಿದರೆ ಹಾಲೇ ಮೇಲು. 200 ಮಿಲಿ ಹಾಲಿನಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, 240 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. 13ರಿಂದ 15 ವರ್ಷದವರಿಗೆ ದಿನಕ್ಕೆ ಬೇಕಾದ ಕ್ಯಾಲ್ಸಿಯಂ 1,000 ಮಿಲಿಗ್ರಾಂ. ಮೂಳೆ ಬೆಳೆಯುವ ವಯಸ್ಸು ಇದೇ, ಮೂವತ್ತಕ್ಕೆ ಕುಡಿದರೆ ಅಷ್ಟು ಉಪಯೋಗ ಇಲ್ಲ.

ಹಾಲಿನ ವಿಷಯಕ್ಕೆ ಬಂದಾಗ ಒಂದು ಮಾತು. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದ ಹಾಲು ಇದೆ. 2024ರ ಫೆಬ್ರುವರಿಯಿಂದ ವಾರಕ್ಕೆ ಮೂರು ದಿನ ಅದೇ ಹಾಲಿಗೆ ರಾಗಿ ಮಾಲ್ಟ್ ಬೆರೆಸಿ ಕೊಡುತ್ತಾರೆ. ಹತ್ತನೇ ಕ್ಲಾಸಿನ ತನಕ. ಎಸ್‌ಎಸ್‌ಎಲ್‌ಸಿ ಮುಗಿಸಿ ಪಿಯುಗೆ ಹೋದ ದಿನ ಹಾಲು ನಿಲ್ಲುತ್ತದೆ, ಜೇಬುಖರ್ಚು ಶುರುವಾಗುತ್ತದೆ, ಬಸ್‌ಸ್ಟ್ಯಾಂಡಿನ ಅಂಗಡಿ ಸಿಗುತ್ತದೆ. ಶಾಲೆಯ ಕ್ಯಾಂಟೀನಿನಲ್ಲಿ, ಗೇಟಿನಿಂದ 50 ಮೀಟರ್ ಒಳಗೆ ಸಕ್ಕರೆ, ಉಪ್ಪು, ಕೊಬ್ಬು ಜಾಸ್ತಿ ಇರುವುದನ್ನು ಮಾರಬಾರದು ಅಂತ 2020ರ ನಿಯಮ ಹೇಳುತ್ತದೆ. 51ನೇ ಮೀಟರಿನಲ್ಲಿ ಏನಿದೆ ಅಂತ ಎಲ್ಲ ಮಕ್ಕಳಿಗೂ ಗೊತ್ತು. ಆದ್ದರಿಂದ ಮನೆಯಲ್ಲಿ ಹಾಲು, ರಾಗಿ ಅಂಬಲಿ ಅಥವಾ ಮಾಲ್ಟ್ ಮತ್ತೆ ಶುರುಮಾಡಬೇಕಾದ್ದು ಸರಿಯಾಗಿ ಪಿಯುಗೆ ಸೇರುವ ವರ್ಷ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಹಾಲು ಒಗ್ಗದವರಿಗೆ ಅದೇ ದಾರಿ.

ಮೈದಾನದಿಂದ ಬಂದ ಮೇಲೆ

ಒಂದು ಗಂಟೆಯೊಳಗಿನ ಆಟಕ್ಕೆ ನೀರು ಸಾಕು. ಕಬಡ್ಡಿ ಇರಲಿ, ಶಟಲ್ ಇರಲಿ, ಗಲ್ಲಿ ಕ್ರಿಕೆಟ್ ಇರಲಿ. ಗ್ಲೂಕೋಸ್ ಪುಡಿ ಕಲಸಿ ಕುಡಿಸುವುದು ನಮ್ಮಲ್ಲಿ ಹಳೆಯ ಅಭ್ಯಾಸ, ಆದರೆ ಆ ಡಬ್ಬದಲ್ಲಿ ಇರುವುದು ಹೆಚ್ಚುಕಡಿಮೆ ಪೂರ್ತಿ ಸಕ್ಕರೆಯೇ.

ಬೆವರಿನಲ್ಲಿ ಜಾಸ್ತಿ ಹೋಗುವುದು ಸೋಡಿಯಂ, ಅಂದರೆ ಉಪ್ಪು. ಎಳನೀರಿನಲ್ಲಿ ಪೊಟ್ಯಾಶಿಯಂ ಹೇರಳ, ಸೋಡಿಯಂ ಕಡಿಮೆ. ಸಕ್ಕರೆ ಮಿತ, ರುಚಿಗೆ ಸಾಟಿ ಇಲ್ಲ, ಆದರೆ ಬಿಸಿಲಿನಲ್ಲಿ ಎರಡು ಮ್ಯಾಚ್ ಆಡಿ ಶರ್ಟ್ ಮೇಲೆ ಉಪ್ಪಿನ ಗೆರೆ ಮೂಡಿದವನಿಗೆ ಎಳನೀರೊಂದೇ ಸಾಲದು. ಮದ್ದೂರಿನಲ್ಲಿ ಎಳನೀರಿನ ದೊಡ್ಡ ಮಾರುಕಟ್ಟೆಯೇ ಇದೆ, ಆ ಕಡೆಯವರಿಗೆ ಅಗ್ಗವಾಗಿ ಸಿಕ್ಕರೆ ಕುಡಿಯಲಿ. ಉಳಿದವರಿಗೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ಮನೆಯ ನಿಂಬೆ ಪಾನಕ ಗೆಲ್ಲುತ್ತದೆ: 1 ಲೀಟರ್ ನೀರಿಗೆ ಒಂದು ನಿಂಬೆಹಣ್ಣು, ಎರಡು ಚಿಟಿಕೆ ಉಪ್ಪು, ನಾಲ್ಕು ಚಮಚ ಸಕ್ಕರೆ ಅಥವಾ ಬೆಲ್ಲ. ದಕ್ಷಿಣ ಕನ್ನಡದವರು ನಿಂಬೆಯ ಬದಲು ಪುನರ್ಪುಳಿ ಹಾಕಿಕೊಳ್ಳಬಹುದು. ಅಂಗಡಿಯ ಸ್ಪೋರ್ಟ್ಸ್ ಡ್ರಿಂಕ್‌ನಲ್ಲೂ ಇರುವುದು ನೀರು, ಉಪ್ಪು, ಸಕ್ಕರೆಯೇ. 100 ಮಿಲಿಗೆ 6 ಗ್ರಾಂನಂತೆ ಅರ್ಧ ಲೀಟರಿಗೆ 30 ಗ್ರಾಂ ಸಕ್ಕರೆ. ಜಿಲ್ಲಾ ಮಟ್ಟದಲ್ಲಿ ದಿನಕ್ಕೆ ಎರಡು ಹೊತ್ತು ಓಡುವ ಹುಡುಗಿಗೆ ಅದು ಸರಿ, ಸಂಜೆ ಅರ್ಧ ಗಂಟೆ ಆಡಿ ಬಂದವನಿಗೆ ಬೇಡ.

ಓಆರ್‌ಎಸ್, ಅಂದರೆ ಭೇದಿಯಾದಾಗ ನೀರಿಗೆ ಕಲಸಿ ಕುಡಿಸುವ ಪುಡಿ, ಅದರ ಬಗ್ಗೆ ಸ್ವಲ್ಪ ಎಚ್ಚರ. ಅಸಲಿ ಓಆರ್‌ಎಸ್ ಪುಡಿಗೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಇದೆ: 1 ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಪೊಟ್ಯಾಶಿಯಂ ಕ್ಲೋರೈಡ್ ಮತ್ತು ಸಿಟ್ರೇಟ್. ಮೆಡಿಕಲ್ ಸ್ಟೋರಿನಲ್ಲಿ ಓಆರ್‌ಎಸ್ ಅನ್ನುವ ಹೆಸರು ಹಾಕಿಕೊಂಡು, ಸೇಬು, ಕಿತ್ತಳೆ ರುಚಿಯಲ್ಲಿ ಸಕ್ಕರೆ ತುಂಬಿದ ಪ್ಯಾಕೆಟ್‌ಗಳು ವರ್ಷಗಟ್ಟಲೆ ಮಾರಾಟವಾದವು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಎಂಟು ವರ್ಷಗಳಷ್ಟು ಹೋರಾಡಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಲೆಕ್ಕಕ್ಕೆ ಬಾರದ ಯಾವ ಪಾನೀಯವೂ ಆ ಹೆಸರು ಬಳಸಬಾರದು ಅಂತ ಆದೇಶ ಮಾಡಿತು. ಭೇದಿಯಾದ ಮಗುವಿಗೆ ಆ ಸಕ್ಕರೆ ಪ್ಯಾಕೆಟ್ ಕೊಟ್ಟರೆ ಭೇದಿ ಜಾಸ್ತಿಯಾಗಬಹುದು. ಪುಡಿಯ ಸ್ಯಾಶೆ ತಗೊಂಡು, ಅದರ ಹಿಂಬದಿಯಲ್ಲಿ ಬರೆದಷ್ಟೇ ನೀರಿಗೆ ಪೂರ್ತಿ ಸುರಿದು ಕಲಸಿ. ಅರ್ಧ ಸ್ಯಾಶೆ ಅಂದಾಜಿನಲ್ಲಿ ಬೇಡ.

ರಾತ್ರಿ ಹತ್ತರ ಓದು

"ಅಮ್ಮ, ನಿದ್ದೆ ಬರ್ತಿದೆ, ಇನ್ನೂ ಎರಡು ಚಾಪ್ಟರ್ ಇದೆ." ಸಿಇಟಿ, ನೀಟ್ ಇರುವ ಮನೆಯಲ್ಲಿ ಈ ಮಾತು ಕೇಳದ ರಾತ್ರಿ ಇಲ್ಲ. ಇಲ್ಲಿ ಪೈಪೋಟಿ ಇರುವುದು ಟೀ, ಕಾಫಿ, ಎನರ್ಜಿ ಡ್ರಿಂಕ್ ಮತ್ತು ಮಾಲ್ಟ್ ನಡುವೆ.

ಎನರ್ಜಿ ಡ್ರಿಂಕ್ ಮೊದಲು ನೋಡೋಣ. ಡಬ್ಬಿಯಲ್ಲಿ ನೂರು ರೂಪಾಯಿ ದಾಟುತ್ತಿದ್ದದ್ದು ಪ್ಲಾಸ್ಟಿಕ್ ಬಾಟಲಿಯಲ್ಲಿ 20 ರೂಪಾಯಿಗೆ ಇಳಿದ ಮೇಲೆ ತಾಲೂಕು ಕೇಂದ್ರದ ಅಂಗಡಿಗಳಿಗೂ ಬಂದಿದೆ. ನಿಯಮದ ಪ್ರಕಾರ ಇದರಲ್ಲಿ ಲೀಟರಿಗೆ 145ರಿಂದ 300 ಮಿಲಿಗ್ರಾಂ ಕೆಫೀನ್ ಇರಬಹುದು. ಅಂದರೆ 250 ಮಿಲಿ ಬಾಟಲಿಗೆ 75 ಮಿಲಿಗ್ರಾಂ ತನಕ. ಅದೇ ನಿಯಮದಡಿ ಬಾಟಲಿ ಮೇಲೆ ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ, ಕೆಫೀನ್ ಆಗದವರಿಗೆ ಇದು ತಕ್ಕದ್ದಲ್ಲ ಅಂತ ಬರೆದಿರಲೇಬೇಕು. ಬರೆದಿದೆ. ಅಕ್ಷರ ಎಷ್ಟು ಸಣ್ಣದು ಅಂದರೆ ನಾನು ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಬೇಕಾಯಿತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲೇ ಮಕ್ಕಳು ಮತ್ತು ಹದಿಹರೆಯದವರಿಗೆ ಎನರ್ಜಿ ಡ್ರಿಂಕ್ ಬೇಡವೇ ಬೇಡ ಅಂದಿದೆ.

ಇಲ್ಲಿ ಬುದ್ಧಿವಂತ ಮಗ ಒಂದು ಪ್ರಶ್ನೆ ಎತ್ತುತ್ತಾನೆ. "ನೀವು ಕುಡಿಯೋ ಫಿಲ್ಟರ್ ಕಾಫಿಯಲ್ಲಿ ಇನ್ನೂ ಜಾಸ್ತಿ ಕೆಫೀನ್ ಇದೆಯಲ್ಲ?" ಹೌದು, ಇದೆ. ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ 150 ಮಿಲಿ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಟೀಯಲ್ಲಿ 30ರಿಂದ 65. ಸುಳ್ಳು ಹೇಳಿ ವಾದ ಗೆಲ್ಲೋಕೆ ಹೋಗಬೇಡಿ. ವ್ಯತ್ಯಾಸ ಕುಡಿಯುವ ರೀತಿಯಲ್ಲಿದೆ. ನಮ್ಮ ದರ್ಶಿನಿಯ ಲೋಟ 150 ಮಿಲಿ ಇರುವುದಿಲ್ಲ, ಬೈಟು ಆದರೆ ಇನ್ನೂ ಅರ್ಧ. ಪುಡಿಯಲ್ಲಿ ಚಿಕೋರಿ ಬೆರೆತಿರುತ್ತದೆ, ಚಿಕೋರಿಗೆ ಕೆಫೀನ್ ಇಲ್ಲ. ಬಿಸಿ ಇರುವುದರಿಂದ ಗುಟುಕು ಗುಟುಕಾಗಿ ಇಳಿಯುತ್ತದೆ. ಎನರ್ಜಿ ಡ್ರಿಂಕ್ ತಣ್ಣಗೆ, ಸಿಹಿಯಾಗಿ, ಒಂದೇ ಉಸಿರಿಗೆ ಖಾಲಿಯಾಗಿ ಎರಡನೆಯದು ಬರುತ್ತದೆ. ಸಕ್ಕರೆ ಬೇರೆ.

ಮಕ್ಕಳಿಗೂ ಹದಿಹರೆಯದವರಿಗೂ ದಿನಕ್ಕೆ ದೇಹದ ತೂಕದ ಕಿಲೋಗೆ 3 ಮಿಲಿಗ್ರಾಂ ಕೆಫೀನ್ ಮೀರಬಾರದು ಅನ್ನುವುದು ಯುರೋಪಿನ ಅಳತೆ. 50 ಕಿಲೋ ಹುಡುಗಿಗೆ 150 ಮಿಲಿಗ್ರಾಂ. ಬೆಳಿಗ್ಗೆ ಒಂದು ಸಣ್ಣ ಲೋಟ ಕಾಫಿ, ಸಂಜೆ ಒಂದು ಟೀ ಇದರೊಳಗೆ ಬರುತ್ತದೆ. ರಾತ್ರಿ ಹತ್ತಕ್ಕೆ ಮೂರನೆಯದು ಬರುವುದಿಲ್ಲ. ಕೆಫೀನ್ ಅರ್ಧಕ್ಕೆ ಇಳಿಯೋಕೇ ಸುಮಾರು ಐದು ಗಂಟೆ ಬೇಕು. ಹತ್ತಕ್ಕೆ ಕುಡಿದದ್ದು ಮೂರು ಗಂಟೆಗೆ ಇನ್ನೂ ಅರ್ಧ ರಕ್ತದಲ್ಲಿರುತ್ತದೆ. ಓದಿದ್ದು ತಲೆಯಲ್ಲಿ ಕೂರುವುದು ನಿದ್ದೆಯಲ್ಲಿ, 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಹಾಗಾಗಿ ರಾತ್ರಿ ಹತ್ತರ ಪೈಪೋಟಿಯಲ್ಲಿ ಕೆಫೀನ್ ಇರುವ ಎಲ್ಲವೂ ಸೋಲುತ್ತವೆ. ಬೆಳಿಗ್ಗೆ ಐದಕ್ಕೆ ಎದ್ದು ಕಾಫಿ ಕುಡಿದು ಓದುವುದು ಅದಕ್ಕಿಂತ ಎಷ್ಟೋ ಮೇಲು.

ಆದರೂ ಪುಸ್ತಕದ ಪಕ್ಕ ಬಿಸಿಯಾದದ್ದೇನೋ ಒಂದು ಬೇಕು ಅನ್ನಿಸುತ್ತದೆ. ಅದಕ್ಕೆ ನನ್ನ ಮತ ಕಷಾಯಕ್ಕೆ. ಉತ್ತರ ಕನ್ನಡ, ದಕ್ಷಿಣ ಕನ್ನಡದ ಮನೆಗಳಲ್ಲಿ ಡಬ್ಬದಲ್ಲಿ ಇದ್ದೇ ಇರುತ್ತದೆ: ಕೊತ್ತಂಬರಿ ಬೀಜ ಒಂದು ಬಟ್ಟಲು, ಜೀರಿಗೆ ಅರ್ಧ ಬಟ್ಟಲು, ಸ್ವಲ್ಪ ಮೆಂತ್ಯ, ನಾಲ್ಕು ಕಾಳುಮೆಣಸು ಬೆಚ್ಚಗೆ ಹುರಿದು ಪುಡಿ ಮಾಡಿದ್ದು. ಒಂದು ಚಮಚ ಪುಡಿ ನೀರಿಗೆ ಹಾಕಿ ಕುದಿಸಿ, ಚೂರು ಬೆಲ್ಲ, ಹಾಲು ಸೇರಿಸಿ ಸೋಸಿದರೆ ಆಯಿತು. ಕೆಫೀನ್ ಇಲ್ಲ. ಕಾಫಿ ಲೋಟದಲ್ಲೇ ಕೊಟ್ಟರೆ ಕೈಗೆ ಅಭ್ಯಾಸದ ಬಿಸಿಯೂ ಸಿಗುತ್ತದೆ.

ಮಾಲ್ಟ್ ಪುಡಿಗಳ ಬಗ್ಗೆ: 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಬೋರ್ನ್‌ವಿಟಾ ಸೇರಿದಂತೆ ಇಂಥ ಪಾನೀಯಗಳನ್ನು "ಹೆಲ್ತ್ ಡ್ರಿಂಕ್" ಪಟ್ಟಿಯಿಂದ ತೆಗೆಯಲು ಹೇಳಿತು. ಆಹಾರ ಕಾನೂನಿನಲ್ಲಿ ಹಾಗೊಂದು ವರ್ಗವೇ ಇಲ್ಲ. ಅಂದರೆ ವಿಷ ಅಂತಲ್ಲ. ಡಬ್ಬದ ಹಿಂದೆ 100 ಗ್ರಾಂಗೆ ಎಷ್ಟು ಸಕ್ಕರೆ ಅಂತ ನೋಡಿ, ಒಂದು ಚಮಚ ಮಾತ್ರ ಹಾಕಿ, ಮೇಲೆ ಮತ್ತೆ ಸಕ್ಕರೆ ಹಾಕಬೇಡಿ. ಒಳ್ಳೆಯ ಅಂಶ ಬರುವುದು ಹಾಲಿನಿಂದ, ಪುಡಿ ಹಾಲು ಕುಡಿಸೋಕೆ ಒಂದು ಉಪಾಯ ಅಷ್ಟೆ.

ತಿಂಡಿ ಜೊತೆಗಿನ ಟೀ

ಇದು ಹುಡುಗಿಯರಿಗೆ ಮುಖ್ಯ. 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇ. 59ರಷ್ಟು, ಹುಡುಗರಲ್ಲಿ ಶೇ. 31ರಷ್ಟು ಜನರಿಗೆ ರಕ್ತಹೀನತೆ ಇತ್ತು. ಟೀ, ಕಾಫಿಯ ಟ್ಯಾನಿನ್ ಊಟದ ಕಬ್ಬಿಣವನ್ನು ದೇಹಕ್ಕೆ ಸೇರೋಕೆ ಬಿಡುವುದಿಲ್ಲ. ಊಟ ತಿಂಡಿಯ ಹಿಂದೆ ಮುಂದೆ ಒಂದೊಂದು ಗಂಟೆ ಟೀ ಬೇಡ ಅಂತ ಮಾರ್ಗಸೂಚಿ ಹೇಳುವುದು ಇದಕ್ಕೇ. ಉಪ್ಪಿಟ್ಟಿನ ಜೊತೆ ಟೀ ಕುಡಿಯುವ ಬದಲು ಉಪ್ಪಿಟ್ಟಿನ ಮೇಲೆ ನಿಂಬೆ ಹಿಂಡಿಕೊಳ್ಳಿ, ಹುಳಿ ಕಬ್ಬಿಣ ಸೇರೋಕೆ ಸಹಾಯ ಮಾಡುತ್ತದೆ. ಟೀಯನ್ನು ಹನ್ನೊಂದು ಗಂಟೆಗೋ ನಾಲ್ಕು ಗಂಟೆಗೋ ತಳ್ಳಿ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಕಬ್ಬಿಣದ ಮಾತ್ರೆಯನ್ನು ಟೀ ಜೊತೆಗಾಗಲಿ ಹಾಲಿನ ಜೊತೆಗಾಗಲಿ ನುಂಗಬಾರದು, ಊಟವಾದ ಮೇಲೆ ನೀರಿನಲ್ಲಿ.

ಹುಟ್ಟುಹಬ್ಬ, ಮದುವೆ, ಪಿಜ್ಜಾ

ಇಲ್ಲಿ ಕೋಲಾ ಬಂದೇ ಬರುತ್ತದೆ, ಬರಲಿ. ವರ್ಷಕ್ಕೆ ಹತ್ತು ಸಲ ಕುಡಿಯುವುದು ಬೇರೆ, ವಾರಕ್ಕೆ ಹತ್ತು ಸಲ ಕುಡಿಯುವುದು ಬೇರೆ. ಉಳಿತಾಯ ಅಂತ ಎರಡೂಕಾಲು ಲೀಟರಿನ ದೊಡ್ಡ ಬಾಟಲಿ ಮಾತ್ರ ಮನೆಗೆ ತರಬೇಡಿ. ಗ್ಯಾಸ್ ಹೋಗುತ್ತದೆ ಅಂತ ಎರಡು ದಿನದಲ್ಲಿ ಮುಗಿಸಿಯೇ ಬಿಡುತ್ತಾರೆ. ತಲೆಗೊಂದು ಸಣ್ಣ ಬಾಟಲಿ ತಂದರೆ ಅಲ್ಲಿಗೆ ಮುಗಿಯಿತು.

ಸಕ್ಕರೆ ಇಲ್ಲದ ಝೀರೋ ಕೋಲಾ? ಒಂದು ಪಾರ್ಟಿಗೆ ಸಕ್ಕರೆಯದಕ್ಕಿಂತ ವಾಸಿ. ದಿನಾ ಕುಡಿದು ತೂಕ ಇಳಿಸುತ್ತೇನೆ ಅಂದರೆ ಆಗುವುದಿಲ್ಲ, ತೂಕ ನಿಯಂತ್ರಣಕ್ಕೆ ಇಂಥ ಸಿಹಿಕಾರಕ ಬಳಸಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಹೇಳಿದೆ. ಹುಳಿ ಮಾತ್ರ ಝೀರೋ ಕೋಲಾ, ಸಕ್ಕರೆ ಕೋಲಾ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಹುಳಿಯನ್ನು ಅಳೆಯುವುದು ಪಿಎಚ್‌ನಲ್ಲಿ, ಅದು ಕಡಿಮೆಯಾದಷ್ಟೂ ಹುಳಿ ಜಾಸ್ತಿ. ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಎನಾಮೆಲ್ ಕರಗೋಕೆ ಶುರುವಾಗುತ್ತದೆ, ಕೋಲಾ ಇರುವುದು ಎರಡೂವರೆಯ ಹತ್ತಿರ. ಬ್ರೇಸಸ್ ಹಾಕಿಸಿಕೊಂಡ ಮಕ್ಕಳಿಗೆ ಇದನ್ನು ಗಟ್ಟಿಯಾಗಿ ಹೇಳಿ. ಸ್ಟ್ರಾ ಹಾಕಿ ಕುಡಿಯಲಿ, ಊಟದ ಜೊತೆಗೇ ಮುಗಿಸಲಿ, ಗಂಟೆಗಟ್ಟಲೆ ಗುಟುಕರಿಸುತ್ತಾ ಕೂರುವುದು ಬೇಡ. ಆದಮೇಲೆ ನೀರಿನಲ್ಲಿ ಬಾಯಿ ಮುಕ್ಕಳಿಸಬೇಕು. ಬ್ರಷ್ ಮಾತ್ರ ತಕ್ಷಣ ಮಾಡಬಾರದು, ಅರ್ಧ ಗಂಟೆ ಬಿಟ್ಟು ಮಾಡಲಿ.